ಒಂಬತ್ತನೆಯ ಮನೆ

ಒಂಬತ್ತು ದಿನಕ್ಕೆ ಒಂಬತ್ತು ಮನೆ ಬೇಕಿತ್ತು. ನಾನು ಎಂಟು ಹೆಸರು ಬರೆದೆ. ಒಂಬತ್ತನೆಯ ದಿನದ ಮುಂದೆ ‘ನೇರ ಚಾಪೆಲಿಗೆ’ ಎಂದು ಗೀಚಿ ಪೆನ್ನು ಮುಚ್ಚಿಟ್ಟೆ. ಬಿಟ್ಟುಹೋದ ಮನೆ ನನ್ನದೇ.

ಇದು ೨೦೦೯ರ ಅಕ್ಟೋಬರ್ ಕೊನೆಯ ಮಾತು. ಮಡಗಾಂವದ ಮೋತಿ ಡೊಂಗರ್ ಗುಡ್ಡದಲ್ಲಿ ಕನ್ನಡ ಮಾತಾಡುವ ಕಥೋಲಿಕರ ಮನೆಗಳು ಹೆಚ್ಚೇನಿಲ್ಲ. ಹುಬ್ಬಳ್ಳಿ, ಗದಗ, ಮುಂಡಗೋಡದ ಕಡೆಯಿಂದ ಗೌಂಡಿ ಕೆಲಸಕ್ಕೆ, ನೆಲಕ್ಕೆ ಫರಸಿ ಕಲ್ಲು ಕೂರಿಸುವುದಕ್ಕೆ ಬಂದು ಗುಡ್ಡದ ಮೇಲೆ ನೆಲೆ ನಿಂತವರು. ಅವರಿಗೆಲ್ಲ ನಾನು ಉಪದೇಶಿ, ಇನ್ನಾಸಪ್ಪ. ಕನ್ನಡ ಪೂಜೆಗೆ ಗುರುಗಳು ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ಭಾನುವಾರಗಳಲ್ಲಿ ಗುಡ್ಡದ ಬುಡದ ಚಾಪೆಲ್ ಎಂಬ ಪುಟ್ಟ ಚರ್ಚಿನಲ್ಲಿ ಬೈಬಲಿನ ವಾಚನ ಓದಿ, ಅದರ ಮೇಲೆ ನಾಲ್ಕು ಮಾತು ಹೇಳುವುದು ನನ್ನ ಪಾಲಿನ ಕೆಲಸ. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಕೇಳುವವರು ಆಕಳಿಸುತ್ತಾರೆ. ಅವರನ್ನು ಬಯ್ಯುವ ಹಕ್ಕು ನನಗಿಲ್ಲ, ಈಚೆಗೆ ನನ್ನ ಮಾತಿಗೆ ನನಗೇ ಆಕಳಿಕೆ ಬರುತ್ತದೆ.

ದೇವಮಾತೆಯ ಮೂರ್ತಿ ಮನೆಯಿಂದ ಮನೆಗೆ ಹೋಗುವುದು ಗೋವೆಯ ರೂಢಿ. ಇಲ್ಲಿಯವರು ಆಕೆಯನ್ನು ಸಾಯ್ಬಿಣ್ ಅನ್ನುತ್ತಾರೆ, ನಾವು ಅವ್ವ ಅನ್ನುತ್ತೇವೆ. ಮೊಳದುದ್ದದ ಮೂರ್ತಿ. ಒಂದು ಮನೆಯಲ್ಲಿ ಒಂದು ದಿನ ಇರುತ್ತಾಳೆ. ಸಂಜೆ ನೆರೆಹೊರೆಯವರು ಮೇಣದ ಬತ್ತಿ ಹಿಡಿದು, ಹಾಡುತ್ತ, ಮುಂದಿನ ಮನೆಗೆ ಕರೆದೊಯ್ಯುತ್ತಾರೆ. ಅಲ್ಲಿ ಮಣಿ ಎಣಿಸುತ್ತ ಜಪಸರ ಹೇಳುತ್ತಾರೆ, ಬೇಯಿಸಿದ ಕಡಲೆ ಹಂಚುತ್ತಾರೆ. ಮರುದಿನ ಸಂಜೆ ಮತ್ತೆ ಹೊರಡುತ್ತಾಳೆ. ಊರಿನ ವಾಡೆಗಳಲ್ಲಿ, ಅಂದರೆ ಕೇರಿಗಳಲ್ಲಿ, ಸುತ್ತಿ ಮುಗಿದ ಮೇಲೆ ಒಂಬತ್ತು ದಿನದ ಮಟ್ಟಿಗೆ ಗುಡ್ಡದ ಕನ್ನಡದವರಿಗೆ ಮೂರ್ತಿ ಕೊಡುತ್ತಾರೆ. ಯಾವ ದಿನ ಯಾರ ಮನೆ ಎಂದು ಪಟ್ಟಿ ಬರೆಯುವವನು ನಾನು.

ಅವ್ವ ಬರುತ್ತಾಳೆಂದರೆ ಸುಮ್ಮನೆ ಅಲ್ಲ. ಮನೆ ತೊಳೆಯಬೇಕು, ಗೋಡೆಗೆ ಒಂದು ಕೈ ಸುಣ್ಣ ಬಳಿಯಬೇಕು, ಮೇಜಿಗೆ ಬಿಳಿ ಬಟ್ಟೆ ಹಾಸಬೇಕು. ಬಂದವರನ್ನೆಲ್ಲ ಮಾತಾಡಿಸಬೇಕು. ನನ್ನ ಮನೆಯೆಂದರೆ ಒಂದೇ ಕೋಣೆ. ಅದರ ನಡುವೆ ಮಂಚ. ಮಂಚದ ಮೇಲೆ ನನ್ನ ಹೆಂಡತಿ ಸಿಸಿಲಿ.

ಆಕೆಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಬಲಗೈ, ಬಲಗಾಲು ಸತ್ತಿದ್ದವು. ಮಾತು ಹೋಗಿತ್ತು. ಉಳಿದದ್ದು ಎರಡೇ ಶಬ್ದ. ಒಂದು ‘ಬ್ಯಾಡ’, ಇನ್ನೊಂದು ‘ಅವ್ವ’. ಬಾಯಾರಿದರೂ ಅವ್ವ, ಬೆನ್ನು ಉರಿದರೂ ಅವ್ವ. ನಾನು ಕುಂಕಳ್ಳಿಯ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ವಾಚ್‌ಮನ್. ಬೆಳಿಗ್ಗೆ ಬಂದು ಆಕೆಯ ಮೈ ಒರೆಸಿ, ಹಾಸಿಗೆ ಬದಲಿಸಿ, ಗಂಜಿ ಕುಡಿಸಿ, ಎರಡು ತಾಸಿಗೊಮ್ಮೆ ಮಗ್ಗಲು ತಿರುಗಿಸುತ್ತ, ನಡುನಡುವೆ ಕಣ್ಣು ಮುಚ್ಚಿದ್ದೇ ನಿದ್ದೆ. ಸಂಜೆ ಬಸ್ಸು ಹಿಡಿಯುವ ಹೊತ್ತಿಗೆ ಪಕ್ಕದ ಕೋಣೆಯ ಹುಲಿಗೆವ್ವ ಬಂದು ಕೂತರೆ ನಾನು ಹೊರಡುತ್ತಿದ್ದೆ. ರಾತ್ರಿ ಅವಳು ಸಿಸಿಲಿಯ ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದಳು.

ಹುಲಿಗೆವ್ವ ಕೊಪ್ಪಳದ ಕಡೆಯವಳು. ಹಗಲು ಕಟ್ಟಡದಲ್ಲಿ ಸಿಮೆಂಟಿನ ಬುಟ್ಟಿ ಹೊರುತ್ತಾಳೆ. ಗಂಡ ಹಣಮಪ್ಪ ರೈಲ್ವೆ ಗೂಡ್ಸಿನಲ್ಲಿ ಹಮಾಲ. ಅವರ ಗೋಡೆಯ ಮೇಲೆ ಅವರ ಸೀಮೆಯ ದೇವಿ ಹುಲಿಗೆಮ್ಮನ ಪಟ, ನಮ್ಮ ಗೋಡೆಯ ಮೇಲೆ ಮಾತೆಯ ಕ್ಯಾಲೆಂಡರ್. ನಡುವೆ ಒಂದು ತಗಡು. ಅವರು ಸಾರಿಗೆ ಒಗ್ಗರಣೆ ಹಾಕಿದರೆ ನಾನು ಸೀನುತ್ತೇನೆ.

ಹಿಂದಿನ ವರ್ಷ ಅವ್ವ ನಮ್ಮ ಮನೆಗೆ ಬಂದಿದ್ದಳು. ಸಿಸಿಲಿ ಎಡಗೈ ಚಾಚಿ ಮೂರ್ತಿಯ ಪಾದ ಮುಟ್ಟಿ ನಕ್ಕಿದ್ದಳು. ಲಕ್ವ ಹೊಡೆದ ಮೇಲೆ ಆಕೆ ನಕ್ಕದ್ದು ಅದೊಂದೇ ಸಲ. ಅಂದಿನಿಂದ ಆಕೆ ಕಾಯುತ್ತಿದ್ದಳು. ಸೆಪ್ಟೆಂಬರ್ ಬಂದದ್ದೇ ತಡ, ಕ್ಯಾಲೆಂಡರಿಗೆ ಕೈ ತೋರಿಸಿ ‘ಅವ್ವ’ ಅನ್ನುವುದು, ನನ್ನ ಮುಖ ನೋಡುವುದು. ಇನ್ನೊಂದು ಸಲ ಹೊಡೆತ ಬಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮುಂದಿನ ವರ್ಷ ಆಕೆಗೆ ಇದೆಯೋ ಇಲ್ಲವೋ ಯಾರಿಗೆ ಗೊತ್ತು. ಹೀಗಿರುವಾಗ ನಾನು ಆಕೆಯಿಂದ ಏನು ಕಿತ್ತುಕೊಳ್ಳುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟೆ. ಮನೆ ತೊಳೆಯಲು, ಕಡಲೆ ಬೇಯಿಸಲು, ಮೂವತ್ತು ಜನರಿಗೆ ನಗುಮುಖ ತೋರಿಸಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಕೈಕಾಲಿನ ದಣಿವಾದರೆ ಮಲಗಿ ಎದ್ದರೆ ಹೋಗುತ್ತದೆ. ಇದು ದೇವರ ಹೆಸರು ಕೇಳಿದರೇ ಸಾಕಪ್ಪಾ ಅನ್ನಿಸುವ ದಣಿವು. ಉಪದೇಶಿಯಾದವನು ಇದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು?

ಬಳಗದವರು ಪಟ್ಟಿ ನೋಡಿ ತಪ್ಪು ಹಿಡಿಯಲಿಲ್ಲ. ಮನೆಯಲ್ಲಿ ಬೇನೆ, ಪಾಪ ಎಂದರು. ಸಿಸಿಲಿಗೆ ಮಾತ್ರ ಸುಳ್ಳು ಹೇಳಿದೆ.

“ಈ ವರ್ಷ ಅವ್ವ ನಮ್ಮ ಗುಡ್ಡಕ್ಕ ಬರೂದಿಲ್ಲಂತ. ಊರಾಗಿನ ವಾಡೆಗೋಳಿಗೇ ದಿನಾ ಸಾಲವಲ್ವಂತ.”

ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು.

ಮೂರ್ತಿ ಗುಡ್ಡ ಹತ್ತಿತು. ಸಂಜೆಗಳಲ್ಲಿ ನಾನು ಮನೆಯಲ್ಲಿರುತ್ತಿರಲಿಲ್ಲ. ಹಾಡಿನ ಸದ್ದು ಸಿಸಿಲಿಗೆ ಕೇಳಿಸಿತೇ ಎಂದು ಹುಲಿಗೆವ್ವನನ್ನು ವಿಚಾರಿಸುವ ಧೈರ್ಯ ಬರಲಿಲ್ಲ. ಒಂದೊಂದೇ ದಿನ ಕಳೆದು ಎಂಟನೆಯ ದಿನ, ಶನಿವಾರ ಬಂತು.

ನವೆಂಬರಿನ ಆ ಭಾನುವಾರದ ವಾಚನ ಸರೆಪ್ತ ಊರಿನ ವಿಧವೆಯದು. ಬರಗಾಲದಲ್ಲಿ ಪ್ರವಾದಿ ಎಲೀಯ ಆಕೆಯ ಊರಬಾಗಿಲಿಗೆ ಬಂದು ರೊಟ್ಟಿ ಕೇಳುತ್ತಾನೆ. ಆಕೆಯ ಹತ್ತಿರ ಇದ್ದದ್ದು ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ಒಂದಿಷ್ಟು ಎಣ್ಣೆ. ತಾನೂ ಮಗನೂ ತಿಂದು ಆಮೇಲೆ ಸಾಯುವುದೊಂದೇ ಬಾಕಿ ಅನ್ನುತ್ತಾಳೆ. ಅಂಜಬೇಡ, ಮೊದಲು ನನಗೆ ಮಾಡಿ ಕೊಡು ಅನ್ನುತ್ತಾನೆ ಅವನು. ಆಕೆ ಕೊಡುತ್ತಾಳೆ. ಮತ್ತೆ ಮಳೆ ಬರುವ ತನಕ ಹಿಟ್ಟು ತೀರಲಿಲ್ಲ, ಎಣ್ಣೆ ಕಡಿಮೆಯಾಗಲಿಲ್ಲ. ಮೂರು ವರ್ಷಕ್ಕೊಮ್ಮೆ ಈ ವಾಚನ ಬರುತ್ತದೆ. ಕೊಡಿ, ದೇವರು ನೋಡಿಕೊಳ್ಳುತ್ತಾನೆ ಎಂದು ಪ್ರತಿ ಸಲ ಹೇಳುತ್ತೇನೆ.

ಶನಿವಾರ ಸಂಜೆ ಪಾಳಿಗೆ ಹೊರಡುವ ಮೊದಲು, ನಾಲಿಗೆ ತಿರುಗಲಿ ಎಂದು ಅದನ್ನು ದೊಡ್ಡದಾಗಿ ಓದಿಕೊಂಡೆ. ಓದಿ ಮುಗಿಸುವಷ್ಟರಲ್ಲಿ ಹುಲಿಗೆವ್ವ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ತಗಡಿನಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು.

“ಅಣ್ಣಾರ, ಆ ಹೆಣಮಗಳ ಮಡಕಿ ಕಡೀಕ ತುಂಬಿತೇನ್ರಿ?”

“ಇಲ್ಲವಾ. ತುಂಬಿತು ಅಂತ ಎಲ್ಲೂ ಬರದಿಲ್ಲ. ತೀರಲಿಲ್ಲ ಅಂತ ಐತಿ, ಅಷ್ಟ.”

“ಅಂದ್ರ ದಿನಾ ಮುಂಜಾನೆ ಬಗ್ಗಿ ನೋಡಿದಾಗ ತಳದಾಗ ಒಂದ ಹಿಡಿನ ಇರ್ತಿತ್ತೇನ್ರಿ?”

“ಹಂಗ ಇರಬೇಕು.”

ಅವಳು ಸಿಸಿಲಿಯ ತಲೆದಿಂಬು ಸರಿಪಡಿಸಿದಳು. “ಮತ್ತ ದಿನಾ ಅಂಜಿಕಿ ಇರ್ತಿತ್ತಲ್ರಿ ಆಕಿಗೆ. ಒಂದ ಸಲ ಕೊಟ್ಟು ಮುಗದಿಲ್ಲ ಆಕಿದು. ದಿನಾ ಕೊಡಬೇಕು, ದಿನಾ ಅಂಜಬೇಕು.”

ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷದಲ್ಲಿ ನನಗೆ ಹೊಳೆಯದ್ದು ಅಕ್ಷರ ಬಾರದ ಇವಳಿಗೆ ಹೊಳೆಯಿತಲ್ಲ ಎಂಬುದಕ್ಕೋ, ಬಸ್ಸಿಗೆ ತಡವಾಯಿತೆಂದೋ, ಗೊತ್ತಿಲ್ಲ. “ದೇವರ ಮಾತಿಗೆ ಇಷ್ಟೆಲ್ಲಾ ಕೊಂಕ ತಗೀಬಾರದವಾ” ಎಂದು ಡಬ್ಬಿ ಎತ್ತಿಕೊಂಡು ಹೊರಟೆ.

“ಕೊಂಕಲ್ರಿ” ಎಂದಳು ಹಿಂದಿನಿಂದ. “ಅಷ್ಟಾದ್ರ ಸಾಕಲ್ರಿ ಅಂತ ಹೇಳಾಕತ್ತಿದ್ದೆ.”

ಭಾನುವಾರ ಬೆಳಿಗ್ಗೆ ಪಾಳಿ ಮುಗಿಸಿ ಬಸ್ಸಿಳಿದವನು ನೇರ ಚಾಪೆಲಿಗೆ ಹೋದೆ. ವಿಧವೆಯ ಕಥೆ ಓದಿದೆ. ಅದೇ ಹಳೆಯ ನಾಲ್ಕು ಮಾತು ಹೇಳಿದೆ. ಬಾಗಿಲಿಗೆ ಬಂದ ದೇವರನ್ನು ಬರಿಗೈಯಲ್ಲಿ ಕಳಿಸಬೇಡಿ ಎಂದೂ ಹೇಳಿದೆ. ಹೇಳುವಾಗ ನಾಚಿಕೆಯಾಯಿತು, ಆದರೂ ನಾಲಿಗೆ ನಿಲ್ಲಲಿಲ್ಲ. ಅದಕ್ಕೆ ರೂಢಿಯಾಗಿತ್ತು.

ಭಾನುವಾರ ರಾತ್ರಿ ನನಗೆ ರಜೆ. ಸಂಜೆ ಆರರ ಹೊತ್ತಿಗೆ ಸಿಸಿಲಿಗೆ ಚಹಾ ಕುಡಿಸುತ್ತಿದ್ದೆ. ಗುಡ್ಡದ ಮೇಲಿನಿಂದ ಹಾಡು ಕೇಳಿಸಿತು. ಎಂಟನೆಯ ಮನೆಯಿಂದ ಅವ್ವ ಹೊರಟಿದ್ದಳು. ಚಾಪೆಲಿಗೆ ಇಳಿಯುವ ಮೆಟ್ಟಿಲು ನಮ್ಮ ಸಾಲಿನ ಮುಂದೆಯೇ ಹಾಯುತ್ತದೆ. ಎಂಟು ಹೆಸರು ಬರೆದ ನನ್ನ ಬುದ್ಧಿಗೆ ಇದು ಹೊಳೆದಿರಲಿಲ್ಲ.

ಹಾಡು ಹತ್ತಿರವಾಯಿತು. ಸಿಸಿಲಿಯ ಕಣ್ಣು ಬಾಗಿಲಿಗೆ ತಿರುಗಿತು. ನಾನು ಎದ್ದು ಬಾಗಿಲು ಮುಚ್ಚಿದೆ. ಸಾಲದ್ದಕ್ಕೆ ಚಿಲಕವನ್ನೂ ಹಾಕಿದೆ.

“ಗಾಳಿ ಬರಾಕತ್ತೈತಿ” ಎಂದೆ. ಗಾಳಿಯ ಸುಳಿವೂ ಇರಲಿಲ್ಲ.

ಚಹಾದ ಲೋಟ ತುಟಿಗೆ ಹಿಡಿದರೆ ‘ಬ್ಯಾಡ’ ಎಂದಳು.

ಹಾಡು ನಮ್ಮ ಬಾಗಿಲಿನ ತನಕ ಬಂದು ನಡುವೆಯೇ ನಿಂತಿತು. ನೀರು ಸುರಿದ ಸದ್ದಾಯಿತು. ಯಾರೋ ಗೊಣಗಿದರು. ಹುಲಿಗೆವ್ವನ ದನಿ ಕೇಳಿಸಿತು, ಮಾತು ತಿಳಿಯಲಿಲ್ಲ. ಆಮೇಲೆ ಪಕ್ಕದ ಕೋಣೆಯೊಳಗೆ ಹೆಜ್ಜೆಗಳು. ತಗಡಿನಾಚೆ ಒಂದು ಡಬ್ಬಿಯ ಮುಚ್ಚಳ ತೆಗೆದರು. ಲೋಟದಿಂದ ತಳ ಕೆರೆಯುವ ಸದ್ದು ಒಂದು ಸಲ, ಎರಡು ಸಲ, ಮೂರು ಸಲ.

ನನ್ನ ಬಾಗಿಲು ಬಡಿದರು. ತೆಗೆದರೆ ಚೌರಪ್ಪ. ಫರಸಿ ಕೂರಿಸುವವನು, ಈ ವರ್ಷ ಮೂರ್ತಿ ಹಿಡಿಯುವ ಪಾಳಿ ಅವನದು. ಪ್ಯಾಂಟು ಮೊಣಕಾಲ ತನಕ ತೊಯ್ದಿತ್ತು, ಕೈ ಖಾಲಿ. ಹಿಂದೆ ಮೇಣದ ಬತ್ತಿ ಹಿಡಿದ ಜನ ತಬ್ಬಿಬ್ಬಾಗಿ ನಿಂತಿದ್ದರು.

“ಉಪದೇಶಿಗಳ, ಸ್ವಲ್ಪ ಬರ್ರಿ. ಹುಲಿಗೆವ್ವ ಅಡ್ಡ ಬಂದು ನನ್ನ ಕಾಲಿಗೆ ಕೊಡಾ ನೀರ ಹಾಕಿದ್ಲು. ನಾ ಏನು ಎತ್ತ ಅನ್ನೂದರಾಗ ಅವ್ವನ್ನ ಕೈಯಾಗಿಂದ ಇಸಕೊಂಡ ಒಳಗ ಒಯ್ದಾಳ. ಹಣಿಗೆ ಕುಂಕುಮಾ ಹಚ್ಚಾಕತ್ತಾಳ್ರಿ. ಊರಾಗಿನ ಮಂದಿ ನೋಡಿದ್ರ ಮುಂದಿನ ವರ್ಷ ನಮಗ ಮೂರ್ತಿನ ಕೊಡೂದಿಲ್ಲ. ನಿಮ್ಮ ಮಾತ ಕೇಳ್ತಾಳ ಆಕಿ. ಹೇಳಿ ಇಸಕೊಡ್ರಿ.”

ಇಷ್ಟನ್ನೂ ಅವನು ಸಿಸಿಲಿಯ ಎದುರಿಗೇ ಹೇಳಿದ. ಬರುವುದಿಲ್ಲ ಎಂದು ನಾನು ಹೇಳಿದ್ದ ಅವ್ವ ಪಕ್ಕದ ಮನೆಯಲ್ಲಿದ್ದಳು. ನನ್ನ ಸುಳ್ಳು ಕೋಣೆಯ ನಡುವೆ ಬಿದ್ದಿತ್ತು. ಸಿಸಿಲಿಯ ಕಡೆ ನೋಡಲಾಗಲಿಲ್ಲ. ಬೆನ್ನ ಹಿಂದಿನಿಂದ ಆಕೆಯ ದನಿ ಬಂತು.

“ಅವ್ವ.”

ನಾನು ಚಪ್ಪಲಿ ಹುಡುಕುವವನಂತೆ ತಲೆ ತಗ್ಗಿಸಿ ಹೊರಗೆ ಹೋದೆ.

ಹುಲಿಗೆವ್ವನ ಕೋಣೆಯಲ್ಲಿ ನೆಲ ಇನ್ನೂ ಹಸಿಯಾಗಿತ್ತು, ಆಗತಾನೆ ಸಾರಿಸಿದ್ದಳು. ಹುಲಿಗೆಮ್ಮನ ಪಟದ ಕೆಳಗೆ ಅಕ್ಕಿಯ ಡಬ್ಬಿಯನ್ನು ಬೋರಲು ಹಾಕಿ, ಒಗೆದ ಸೀರೆಯ ಮಡಿಕೆ ಹಾಸಿ, ಅದರ ಮೇಲೆ ಅವ್ವನನ್ನು ಕೂರಿಸಿದ್ದಳು. ಪಟಕ್ಕಿದ್ದ ಅಬ್ಬಲಿಗೆಯ ಮಾಲೆಯನ್ನು ಹರಿದು ಇಬ್ಬರಿಗೂ ಅರ್ಧರ್ಧ ಹಾಕಿದ್ದಳು. ಮಾತೆಯ ಕೆನ್ನೆಗೆ ಅರಿಷಿಣ, ಹಣೆಗೆ ಕುಂಕುಮ. ಮುಂದೆ ಹೊಸ ಖಣ ಹಾಸಿ ಅದರ ಮೇಲೆ ಅಕ್ಕಿ ಸುರಿದು, ಅರಿಷಿಣದ ಬೇರು, ಅಡಿಕೆ, ಅರ್ಧ ಕೊಬ್ಬರಿ ಬಟ್ಟಲು ಇಟ್ಟಿದ್ದಳು. ಹಣಮಪ್ಪ ಮಿಂದು, ತಲೆಗೆ ವಸ್ತ್ರ ಸುತ್ತಿ, ಮೂಲೆಯಲ್ಲಿ ಕೈಮುಗಿದು ನಿಂತಿದ್ದ.

“ಏನ ಮಾಡೀವಾ ಇದನ್ನ?” ಎಂದೆ.

“ಉಡಿ ತುಂಬೇನ್ರಿ ಅಣ್ಣಾರ. ಹೆಣಮಗಳು ಬಾಗಲಿಗೆ ಬಂದ್ರ ಬರೇ ಉಡಿಲೆ ಹೊಳ್ಳಿ ಕಳಸಬಾರದ್ರಿ. ನಮ್ಮೂರಾಗ ಹುಲಿಗೆಮ್ಮನ ತಲಿ ಮ್ಯಾಲ ಹೊತ್ತ ತರ್ತಾರ. ಹೊತ್ತವರ ಕಾಲಿಗೆ ನೀರ ಹಾಕಿ, ಒಳಗ ಕರದು, ಉಡಿ ತುಂಬಿ ಕಳಸ್ತೀವ್ರಿ. ಇದೂ ಅವ್ವನ ಅಲ್ರಿ?”

ಇದು ನಮ್ಮ ರೂಢಿಯಲ್ಲ ಎಂದು ಹೇಳಬೇಕಿತ್ತು. ಹೇಳಲೆಂದೇ ಚೌರಪ್ಪ ಕರೆತಂದದ್ದು. ಆದರೆ ನನ್ನ ಕಣ್ಣು ಆ ಬೋರಲು ಡಬ್ಬಿಯ ಮೇಲಿತ್ತು. ಡಬ್ಬಿ ಖಾಲಿಯಾದ್ದರಿಂದಲೇ ಅದು ಪೀಠವಾಗಿತ್ತು.

“ಅಕ್ಕಿ ಎಲ್ಲಾ ಸುರವಿ ಬಿಟ್ಟೀಯಲ್ಲ. ನಾಳಿಗೆ?”

“ನಾಳಿ ಬಗ್ಗಿ ನೋಡಿದ್ರಾತ್ರಿ” ಎಂದಳು. ಅವಳ ಮುಖದಲ್ಲಿ ನಗುವಿರಲಿಲ್ಲ, ಅಂಜಿಕೆ ಇತ್ತು. ಅಂಜಿಕೊಂಡೇ ಕೊಟ್ಟಿದ್ದಳು.

ಚೌರಪ್ಪ ನನ್ನ ಭುಜದ ಹಿಂದೆ ನಿಂತು ಪಿಸುಗುಟ್ಟಿದ. “ಉಪದೇಶಿಗಳ, ಬೇಕಾದ್ರ ನಿಮ್ಮ ಮನ್ಯಾಗ ಐದ ನಿಮಿಷ ಇಟ್ಟು ಒಯ್ಯೂಣ್ರಿ. ಅಕ್ಕಾರು ನೋಡ್ತಾರ.”

“ಕುಂತಾಕಿನ್ನ ಹಂಗ ಎಬ್ಬಸಬಾರದ್ರಿ” ಎಂದಳು ಹುಲಿಗೆವ್ವ.

ನಾನೂ ಎಬ್ಬಿಸಬಾರದು ಎಂದೇ ಅಂದುಕೊಂಡೆ. ಕರೆದವರ ಮನೆಯಲ್ಲಿ ಆಕೆ ಕೂತಿದ್ದಳು. ಚಿಲಕ ಹಾಕಿದವನ ಮನೆಗೆ ಯಾವ ಮುಖ ಹೊತ್ತು ಒಯ್ಯಲಿ?

“ಹಣಮಪ್ಪಾ, ಸ್ವಲ್ಪ ಕೈ ಹಚ್ಚು ಬಾ” ಎಂದೆ. “ಸಿಸಿಲಿನ್ನ ಇಲ್ಲಿಗೆ ಕರಕೊಂಡ ಬರೂಣು.”

ಅವನು ನನ್ನ ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ಮಂಚಕ್ಕೆ ಒತ್ತಿ ಇಟ್ಟ. ನಾವಿಬ್ಬರೂ ಸೇರಿ ಆಕೆಯನ್ನು ಎತ್ತಿ ಕೂರಿಸಿದೆವು. ಬಲಗಡೆಗೆ ವಾಲಿದಳು. ಹಣಮಪ್ಪ ತಲೆಯ ವಸ್ತ್ರ ಬಿಚ್ಚಿ, ಆಕೆಯ ಎದೆಯ ಕೆಳಗಿನಿಂದ ಕುರ್ಚಿಯ ಬೆನ್ನಿಗೆ ಸುತ್ತಿ ಗಂಟು ಹಾಕಿದ. ಗಂಟಿನೊಳಗೆ ಎರಡು ಬೆರಳು ತೂರಿಸಿ, ಬಿಗಿಯಾಗಿಲ್ಲ ಎಂದು ನೋಡಿಕೊಂಡ.

“ನೀವ ಹಿಂದ ಹಿಡೀರಿ, ಭಾರ ನನ್ನ ಕಡೆ ಬರ್ಲಿ. ಅವಸರಾ ಮಾಡಬ್ಯಾಡ್ರಿ” ಎಂದ. ಹನ್ನೆರಡು ಹೆಜ್ಜೆ. ಜನ ಬತ್ತಿ ಹಿಡಿದು ದಾರಿ ಬಿಟ್ಟರು.

ಆಕೆಯನ್ನು ಮೂರ್ತಿಯ ಮುಂದೆ ಇಳಿಸಿದೆವು. ಸಿಸಿಲಿ ಅರಿಷಿಣ ಮೆತ್ತಿದ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಗುರುತು ಸಿಗಲಿಲ್ಲವೇನೋ ಎಂದು ನನಗೆ ಕಳವಳವಾಯಿತು. ಆಮೇಲೆ ಎಡಗೈ ಚಾಚಿ ಪಾದ ಮುಟ್ಟಿದಳು. ಬಾಯಿಯ ಎಡಗಡೆಯಷ್ಟೇ ನಕ್ಕಿತು. ನನಗೆ ಅಳು ಬಂತು. ಜನರೆದುರು ಅಳುವುದು ನನಗೆ ಆಗದು, ಆದರೂ ಅತ್ತೆ.

“ಜಪಾ ಸುರು ಮಾಡ್ರಿ” ಎಂದ ಚೌರಪ್ಪ. ಅವನ ದನಿಯೂ ಮೆತ್ತಗಾಗಿತ್ತು.

ಶುರು ಮಾಡಿದೆ. ಮೊದಲರ್ಧ ನಾನು ಹೇಳಬೇಕು, ಉಳಿದರ್ಧ ಜನ. ಒಂದು ಮಣಿ ದಾಟಿತು. ಎರಡನೆಯ ಮಣಿಗೆ ಜನರ ದನಿಯ ಜೊತೆ ಇನ್ನೊಂದು ದನಿ ಸೇರಿತು. “ಅವ್ವ.” ಪ್ರತಿ ಮಣಿಗೂ ಸಿಸಿಲಿ ತನಗೆ ಉಳಿದಿದ್ದ ಎರಡು ಶಬ್ದಗಳಲ್ಲಿ ಆ ಒಂದನ್ನು ಹೇಳಿದಳು. ನಾನು ಎಣಿಸಲಿಲ್ಲ, ಜಪಸರದಲ್ಲಿ ಐವತ್ತು ಮಣಿಗಳಿವೆ. ಕೊನೆಗೆ ಆಕೆಯ ದನಿ ಸೋತಿತ್ತು, ಒಂದೂ ತಪ್ಪಲಿಲ್ಲ. ನಾನು ಎಷ್ಟೋ ತಿಂಗಳಿನಿಂದ ಬರಿಯ ಬಾಯಲ್ಲಿ ಹೇಳುತ್ತಿದ್ದ ಜಪ ಅದು. ಅಂದು ಪ್ರತಿ ಸಲ ಆಕೆಗಾಗಿ ಕಾದು ನಿಂತೆ.

ಮುಗಿದ ಮೇಲೆ ಹಂಚಲು ಕಡಲೆ ಇರಲಿಲ್ಲ. ಹಣಮಪ್ಪ ಬೆಲ್ಲದ ಹೆಂಟೆಯನ್ನು ಕುಟ್ಟಿ ಎಲ್ಲರ ಕೈಗೆ ಒಂದೊಂದು ಚೂರು ಇಟ್ಟ. ಚೌರಪ್ಪ ಮೂರ್ತಿ ಎತ್ತಿಕೊಳ್ಳಲು ಬಗ್ಗಿದವನು ಜೇಬಿನಿಂದ ಕರವಸ್ತ್ರ ತೆಗೆದ.

“ಒರಸ್ಲೇನ್ರಿ?”

“ಬ್ಯಾಡ. ಯಾರರೆ ಕೇಳಿದ್ರ ನನ್ನ ಹೆಸರ ಹೇಳು.”

“ಗುರುಗಳು ಕೇಳಿದ್ರ?”

“ಅವರಿಗೂ.”

ಅವನು ಕರವಸ್ತ್ರ ಮಡಚಿ ಇಟ್ಟುಕೊಂಡ. ಮಾತೆ ಕುಂಕುಮ ಹಚ್ಚಿಕೊಂಡೇ ಮೆಟ್ಟಿಲಿಳಿದು ಚಾಪೆಲಿಗೆ ಹೋದಳು.

ಸಿಸಿಲಿಯನ್ನು ಎತ್ತಲು ಹೋದಾಗ ಹುಲಿಗೆವ್ವ ತಡೆದಳು. “ಅಕ್ಕನ್ನೂ ಬರೇ ಉಡಿಲೆ ಕಳಸಾಕ ಬರೂದಿಲ್ರಿ.” ಅವಳ ಹತ್ತಿರ ಬೇರೆ ಅಕ್ಕಿಯಿರಲಿಲ್ಲ. ಮಾತೆಯ ಮುಂದೆ ಸುರಿದ ಅಕ್ಕಿಯಿಂದಲೇ ಐದು ಹಿಡಿ ತೆಗೆದು ಸಿಸಿಲಿಯ ಮಡಿಲಿಗೆ ಹಾಕಿದಳು. ಹಣೆಗೆ ಕುಂಕುಮ ಹಚ್ಚಿದಳು. ಸಿಸಿಲಿ ‘ಬ್ಯಾಡ’ ಅನ್ನಲಿಲ್ಲ.

ಆಕೆಯನ್ನು ಮನೆಗೆ ತಂದು ಮಲಗಿಸಿದೆವು. ಹಣಮಪ್ಪ ತನ್ನ ವಸ್ತ್ರ ಬಿಚ್ಚಿಕೊಂಡು ಹೋದ. ಹುಲಿಗೆವ್ವ ಹೊದಿಕೆ ಸರಿಮಾಡುತ್ತಿದ್ದಳು. ಅವಳು ಹೋಗಲಿ ಎಂದು ಕಾಯಲು ನನಗೆ ತಾಳ್ಮೆಯಿರಲಿಲ್ಲ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು.

“ಸಿಸಿಲಿ, ಅವ್ವ ಬರೂದಿಲ್ಲಂತ ನಾನ ಸುಳ್ಳ ಹೇಳಿದ್ದೆ. ಪಟ್ಟ್ಯಾಗ ನಮ್ಮ ಹೆಸರು ನಾನ ಬಿಟ್ಟಿದ್ದೆ. ನನ್ನ ಕೈಲೆ ಆಗೂದಿಲ್ಲ ಅನಿಸಿತ್ತು. ತಪ್ಪಾತು.”

ಆಕೆ ಎಡಗೈ ಎತ್ತಿದಳು. ನನ್ನ ಕಡೆ ಬೆರಳು ತೋರಿಸಿ, ಅಂಗೈಯನ್ನು ಕೆನ್ನೆಗೆ ಒತ್ತಿ, ತಲೆ ವಾಲಿಸಿ ಕಣ್ಣು ಮುಚ್ಚಿದಳು. ನನಗೆ ತಿಳಿಯಲಿಲ್ಲ. ಮಲಗಬೇಕೇ ಎಂದು ಕೇಳಿದೆ. ‘ಬ್ಯಾಡ’ ಎಂದು ಮತ್ತೆ ಅದನ್ನೇ ಮಾಡಿದಳು.

“ತನಗಲ್ರಿ, ನಿಮಗ ಅನ್ನಾಕತ್ತಾಳ” ಎಂದಳು ಹುಲಿಗೆವ್ವ. “ಅವರು ದಣದಾರ, ಮಲಗ್ಲಿ ಅಂತ್ರಿ.”

“ನಿನಗ ಹೆಂಗ ಗೊತ್ತಾತು?”

ಅವಳು ಸಿಸಿಲಿಯ ಮುಖ ನೋಡಿದಳು, ಹೇಳಲೋ ಬೇಡವೋ ಎಂಬಂತೆ. ಸಿಸಿಲಿ ಹೇಳು ಎಂಬಂತೆ ಕಣ್ಣು ಮಿಟುಕಿಸಿದಳು.

“ನೀವು ಪಟ್ಟಿ ಬರದದ್ದು ಅಕ್ಕನ ಮಂಚದ ತುದೀಗೆ ಕುಂತಲ್ರಿ. ನಿದ್ದಿ ಹತ್ತೈತಿ ಅಂತ ತಿಳದಿದ್ರಿ. ಆಕಿ ಓದಿದಾಳ್ರಿ. ಅವತ್ತ ರಾತ್ರಿನ ನನಗ ಎಂಟ ಬೆರಳ ಎಣಿಸಿ ತೋರಿಸಿದ್ಲು. ಆಮ್ಯಾಲ ನಿಮ್ಮ ಅಂಗಿ ತೋರಿಸಿ ಹಿಂಗ ಕೆನ್ನಿಗೆ ಕೈ ಹಚ್ಚಿದ್ಲು. ಆಮ್ಯಾಲ ಕ್ಯಾಲೆಂಡರಿನ್ಯಾಗಿನ ಅವ್ವನ್ನ ತೋರಿಸಿ, ನಮ್ಮ ತಗಡಿನ ಕಡೆ ಕೈ ಮಾಡಿದ್ಲು. ನನಗ ಮದ್ಲ ತಿಳೀಲಿಲ್ಲ. ನಾಕ ರಾತ್ರಿ ಅದನ್ನ ತೋರಿಸಿದ್ಲ್ರಿ. ಅವ್ವನ್ನ ನೀ ನಿನ್ನ ಮನಿಗೆ ಕರಕೋ, ಅವರಿಗೆ ತ್ರಾಸ ಕೊಡಬ್ಯಾಡ, ನಾ ಇಲ್ಲಿಂದನ ಹಾಡ ಕೇಳ್ತೇನಿ ಅಂತ್ರಿ.”

“ನೋಡೂದು ಬ್ಯಾಡ ಅಂದ್ಲಾ?”

“ನೋಡೂದು ಕೇಳಲೇ ಇಲ್ರಿ ಆಕಿ. ಹಾಡ ಕೇಳಿದ್ರ ಸಾಕಿತ್ತು ಆಕಿಗೆ.”

ನಾನು ಮಂಚದ ತುದಿಗೆ ಕೂತೆ. ಎರಡು ವರ್ಷ ಈ ಮನೆಯಲ್ಲಿ ಕೊಡುವವನು ನಾನೊಬ್ಬನೇ ಎಂದುಕೊಂಡಿದ್ದೆ. ಕೊಟ್ಟು ಕೊಟ್ಟು ಬರಿದಾದೆ ಎಂದು ದೇವರ ಮೇಲೂ ಮುನಿಸಿಕೊಂಡಿದ್ದೆ. ಆದರೂ ಪ್ರತಿ ಬೆಳಿಗ್ಗೆ ಹೇಗೋ ಎದ್ದು ಆಕೆಯ ಮಗ್ಗಲು ತಿರುಗಿಸುತ್ತಿದ್ದೆ. ಆ ಒಂದು ಹಿಡಿ ಎಲ್ಲಿಂದ ಬರುತ್ತಿತ್ತು ಎಂದು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಮಾತಿಲ್ಲದ ಇವಳು, ಓದು ಬಾರದ ಅವಳು, ಇಬ್ಬರೂ ನಾನಿಲ್ಲದ ರಾತ್ರಿಗಳಲ್ಲಿ ಕೂತು ನನ್ನ ದಣಿವಿಗೆ ದಾರಿ ಹುಡುಕಿದ್ದರು.

ಸಿಸಿಲಿಯ ಮಡಿಲಿನ ಅಕ್ಕಿ ತೆಗೆದೆ. ನಮ್ಮ ಡಬ್ಬಿಯಿಂದ ಇನ್ನೊಂದಿಷ್ಟು ಸೇರಿಸಿ ಒಲೆಯ ಮೇಲೆ ಇಟ್ಟೆ. ನಾಲ್ಕು ಜನಕ್ಕಾಗುವಷ್ಟು. “ಹಣಮಪ್ಪಗೂ ಊಟಕ್ಕ ಇಲ್ಲೇ ಬಾ ಅಂತ ಹೇಳವಾ” ಎಂದೆ. ಹುಲಿಗೆವ್ವ ಹೂಂ ಎಂದು ಹೋದಳು. ನನ್ನ ಬೆನ್ನು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ದಣಿವು ಎಲ್ಲಿಗೂ ಹೋಗಿರಲಿಲ್ಲ. ನಾಳೆಯೂ ಇರುತ್ತದೆ.

ಅನ್ನ ಕುದಿಯುವಷ್ಟರಲ್ಲಿ ಪಟ್ಟಿ ಹುಡುಕಿದೆ. ಚಾಪೆಲಿನ ಕಡತಕ್ಕೆ ಸೇರಿಸಬೇಕಾದ ಹಾಳೆ, ಬೈಬಲಿನೊಳಗೆ ಮಡಚಿ ಇಟ್ಟಿದ್ದೆ. ಸಿಸಿಲಿಯ ಪಕ್ಕ ಕೂತು ‘ನೇರ ಚಾಪೆಲಿಗೆ’ ಎಂಬುದನ್ನು ಹೊಡೆದುಹಾಕಿದೆ. ಅದರ ಮೇಲೆ ಒಂಬತ್ತನೆಯ ಮನೆ, ಹುಲಿಗೆವ್ವ ಹಣಮಪ್ಪ ಎಂದು ಬರೆದೆ. ಈ ಸಲ ಹಾಳೆಯನ್ನು ಆಕೆಗೆ ಕಾಣುವಂತೆ ಹಿಡಿದುಕೊಂಡೇ ಬರೆದೆ.